ಐಸ್ ಡಬ್ಬಿಯಲ್ಲಿ ಹೋದ ಗಲ್ಲ

ಕೆಲವರ ಮನೆಗೆ ನೆಂಟರು ಬರುತ್ತಲೇ ಇರುತ್ತಾರೆ. ನನ್ನ ಮೈಗೆ ಕಾಯಿಲೆಗಳು ಹಾಗೆ ಬರುತ್ತವೆ. ಒಂದು ಹೊರಟಿತು ಅನ್ನುವಷ್ಟರಲ್ಲಿ ಇನ್ನೊಂದು ಚೀಲ ಹಿಡಿದು ಬಾಗಿಲಲ್ಲಿ ನಿಂತಿರುತ್ತದೆ. ಸಕ್ಕರೆ ಕಾಯಿಲೆ ಮೊದಲು ಬಂತು, ಬಿ.ಪಿ. ಅದರ ಬೆನ್ನಿಗೇ ಬಂತು, ಹಲ್ಲುಗಳ ಕಥೆ ಬೇರೆಯೇ ಇದೆ. ಇವೆಲ್ಲಕ್ಕಿಂತ ಹಳೆಯದು ನನ್ನ ಹೆದರಿಕೆ. ಅದಕ್ಕೆ ಮಾತ್ರ ಇನ್ನೂ ಯಾರೂ ಗುಳಿಗೆ ಬರೆದುಕೊಟ್ಟಿಲ್ಲ.

ನಾನು ಹೂವಿನಹಡಗಲಿಯಲ್ಲಿ ಮಲ್ಲಿಗೆ ವ್ಯಾಪಾರ ಮಾಡುವವನು. ಬೆಳಿಗ್ಗೆ ತೋಟದವರಿಂದ ಮೊಗ್ಗು ತೆಗೆದುಕೊಂಡು, ಒದ್ದೆ ಬಟ್ಟೆ ಸುತ್ತಿ, ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ಜೊತೆ ಇಟ್ಟು ದಾವಣಗೆರೆ ಬಸ್ಸಿಗೆ ಏರಿಸುವುದು ನನ್ನ ಕೆಲಸ. ಉಳಿದ ಹೂವನ್ನು ಹೆಂಡತಿ ಅಂಗಡಿಯಲ್ಲಿ ಕೂತು ಮಾಲೆ ಕಟ್ಟುತ್ತಾಳೆ. ದಿನಕ್ಕೆ ಮಾರುಗಟ್ಟಲೆ ಕಟ್ಟುವವಳು ತಾನು ಮುಡಿಯುವುದು ಬೆರಳುದ್ದ. "ಮಾರೋ ಹೂವು ನಾವ ಮುಡ್ಕೊಂಡು ಕುಂತ್ರ ಆತು" ಅನ್ನುತ್ತಾಳೆ.

ಹೋದ ಬೇಸಿಗೆಯಲ್ಲಿ ನನ್ನ ಎಡಗಲ್ಲದ ಒಳಗೆ ಒಂದು ಹುಣ್ಣಾಯಿತು. ಒಂದೂವರೆ ತಿಂಗಳಾದರೂ ಮಾಯಲಿಲ್ಲ. ಇಪ್ಪತ್ತು ವರ್ಷ ಎಲೆಅಡಿಕೆ, ತಂಬಾಕು ಎಲ್ಲವನ್ನೂ ಅದೇ ಗಲ್ಲದಲ್ಲಿ ಒತ್ತಿಟ್ಟುಕೊಂಡವನು ನಾನು. ಬಿಟ್ಟಿದ್ದೆ ನಿಜ, ಆದರೆ ತಂಬಾಕಿನ ಪೊಟ್ಟಣದ ಮೇಲಿನ ಆ ಕೊಳೆತ ಬಾಯಿಯ ಚಿತ್ರ ಕಣ್ಣು ಮುಚ್ಚಿದರೂ ಕಾಣುತ್ತಿತ್ತು. ಆ ರೋಗದ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. "ಅದು ಆಗಿರಲಿಕ್ಕಿಲ್ಲ ಬಿಡ್ರಿ" ಎಂದು ಹೆಂಡತಿ ಅಂದಳು. ಅದು ಯಾವುದು ಅಂತ ನಾನು ಕೇಳಲಿಲ್ಲ.

ಬಾಯಿ ತೆರೆದ ಅಂಗಡಿ

ಹುಣ್ಣಿನ ವಿಷಯವನ್ನು ಮನೆಯ ಹೊರಗೆ ನಾನು ಒಬ್ಬರಿಗೇ ಹೇಳಿದ್ದು. ಪಕ್ಕದ ತೆಂಗಿನಕಾಯಿ ಅಂಗಡಿಯವರಿಗೆ, ಅದೂ ಯಾರಿಗೂ ಹೇಳಬೇಡಿ ಎಂದು ಆಣೆ ಹಾಕಿಸಿ. ಮರುದಿನ ಹೂವಿಗೆ ಬಂದವರೆಲ್ಲ ಮೊದಲು ನನ್ನ ಬಾಯಿ ನೋಡಿ ಆಮೇಲೆ ಹೂವು ನೋಡಿದರು.

"ತೆಗೀರಿ, ಅಗಲ ತೆಗೀರಿ. ನಮ್ಮ ಮಾವಗೂ ಹಿಂಗ ಆಗಿತ್ತು" ಎಂದರು ಒಬ್ಬರು.

"ಈಗ ಹೆಂಗದಾರ್ರಿ?"

ಅವರು ಹೂವು ಆರಿಸತೊಡಗಿದರು. ಲವಂಗ, ಜೇನು, ಅಳಲೆಕಾಯಿ, ಉಪ್ಪುನೀರು ಎಂದು ಒಬ್ಬೊಬ್ಬರು ಒಂದೊಂದು ಹೇಳಿದರು. ಎಲ್ಲವನ್ನೂ ಒಂದೇ ದಿನ ಮಾಡಿದೆ. ಉರಿ ಹೆಚ್ಚಾಯಿತು, ಅದರ ಜೊತೆ ಭಯವೂ ಹೆಚ್ಚಾಯಿತು.

ಕೊನೆಗೆ ದಿನಾ ಹೂವು ಒಯ್ಯುವ ಅಜ್ಜಿಯೊಬ್ಬಳು ಬಂದಳು. ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಬಹಳ ಹೊತ್ತು ನೋಡಿ, "ಏನೂ ಇಲ್ಲಪಾ. ಸ್ವಚ್ಛ ಐತಿ. ಸುಳ್ಳ ಹೆದರೀದಿ" ಎಂದಳು. ಒಂದೂವರೆ ತಿಂಗಳಲ್ಲಿ ಮೊದಲ ಸಲ ನನಗೆ ಹಸಿವೆಯಾಯಿತು. ಅವತ್ತು ಮೂರು ರೊಟ್ಟಿ ತಿಂದು, ಅಜ್ಜಿಯ ಮಾತನ್ನು ಹೆಂಡತಿಗೆ ಹೇಳಿದೆ.

"ಆ ಅಜ್ಜೀನಾ? ನಾಳಿ ಆಕಿ ಎರಡೂ ಕಣ್ಣಿನ ಪೊರಿ ತೋರ್ಸಾಕ ಹೊಂಟಾಳ. ಅದಕ್ಕ ಇವತ್ತು ದೇವರಿಗೆ ಜಾಸ್ತಿ ಹೂವು ಒಯ್ದಾಳ" ಎಂದಳು ಹೆಂಡತಿ.

ಬಸ್ಸಿನಲ್ಲಿ ಬಂದ ಚಪ್ಪಲಿ

ನಮ್ಮೂರಲ್ಲಿ ತೋರಿಸಿದರೆ ಎಲ್ಲರಿಗೂ ಗೊತ್ತಾಗುತ್ತದೆ ಎಂದು ಹಗರಿಬೊಮ್ಮನಹಳ್ಳಿಯ ಹಲ್ಲಿನ ಡಾಕ್ಟರಮ್ಮನ ಹತ್ತಿರ ಹೋದೆ. ಎಲ್ಲರಿಗೂ ಆಗಲೇ ಗೊತ್ತಾಗಿತ್ತು, ಆದರೂ ಹೋದೆ.

ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಹೆಸರು ಬರೆಸಿ ಕೂತೆ. ನನಗಿಂತ ಮುಂದಿದ್ದವರು ಒಬ್ಬ ಲಾರಿ ಡ್ರೈವರು. ಕಟ್ಟುಮಸ್ತಾದ ಆಳು, ದಪ್ಪ ಮೀಸೆ. ಅಂಗಿಯ ತೋಳು ಮಡಚಿ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಒಳಗೆ ಯಂತ್ರ ಗುಂಯ್ ಎಂದಿತು. ಅದರ ಹಿಂದೆಯೇ "ಅವ್ವಾ" ಎನ್ನುವ ಸಣ್ಣ ದನಿ ಕೇಳಿತು. ಆ ಮೀಸೆಯಿಂದ ಅಂಥ ದನಿ ಬರಬಹುದೆಂದು ನಾನು ಎಣಿಸಿರಲಿಲ್ಲ.

"ಚಹಾ ಕುಡಿದು ಬರ್ತೀನ್ರಿ" ಎಂದು ನರ್ಸಿಗೆ ಹೇಳಿ ಎದ್ದೆ. ಹೊರಗೆ ಹಡಗಲಿ ಬಸ್ಸು ಹೊರಡುತ್ತಿತ್ತು, ಹತ್ತಿಬಿಟ್ಟೆ. ಊರಲ್ಲಿ ಇಳಿದಾಗ ಅಂಗಾಲು ಚುರ್ ಎಂದಿತು. ಆಗಲೇ ಗೊತ್ತಾದದ್ದು, ಚಪ್ಪಲಿ ಅಲ್ಲೇ ಉಳಿದಿವೆ ಎಂದು.

"ಡಾಕ್ಟರಮ್ಮ ಊರಾಗಿಲ್ಲ" ಎಂದೆ ಹೆಂಡತಿಗೆ.

ಆಕೆ ನನ್ನ ಕಾಲು ನೋಡಿದಳು. "ಚಪ್ಪಲಿ?"

"ಬಸ್ಸಿನ್ಯಾಗ ಯಾರೋ ಹಾಕ್ಕೊಂಡು ಹೋಗ್ಯಾರ."

ಸಂಜೆ ಬಸ್ಸಿನ ಕಂಡಕ್ಟರು ಪೇಪರಿನಲ್ಲಿ ಸುತ್ತಿದ ಗಂಟು ಹಿಡಿದು ಅಂಗಡಿಗೇ ಬಂದರು. ನಮ್ಮ ಕಡೆ ಬಸ್ಸಿನಲ್ಲಿ ಹೋಗದ ಸಾಮಾನಿಲ್ಲ. ಹೂವು ಹೋಗುತ್ತದೆ, ಊಟದ ಡಬ್ಬಿ ಹೋಗುತ್ತದೆ, ಮರೆತ ಕನ್ನಡಕ ವಾಪಸು ಬರುತ್ತದೆ. ಕಂಡಕ್ಟರು ಗಂಟನ್ನು ನನಗೆ ಕೊಡದೆ ನನ್ನ ಹೆಂಡತಿಯ ಕೈಗೆ ಕೊಟ್ಟರು.

"ಡಾಕ್ಟರಮ್ಮ ಕೊಟ್ಟಾರ್ರಿ ಅಕ್ಕಾರ. ನಾಳಿ ನೀವೂ ಬರಬೇಕಂತ, ಬಾಗಿಲಾಗ ಕುಂದ್ರಾಕ."

ನಡೆಯಲು ಬಿಡದ ಊರು

ಮರುದಿನ ಹೆಂಡತಿ ಬಾಗಿಲಲ್ಲಿ ಕೂತಳು, ನಾನು ಕುರ್ಚಿಯಲ್ಲಿ ಕೂತೆ. ಡಾಕ್ಟರಮ್ಮ ಲೈಟು ಹಾಕಿ ಒಳಗೆ ನೋಡಿದರು. ನೋಡುತ್ತಲೇ ಇದ್ದರು.

"ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸೋಣ್ರಿ" ಎಂದರು. ಆಮೇಲೆ ಮುರಿದ ದವಡೆ ಹಲ್ಲೊಂದನ್ನು ಬೆರಳಿನಿಂದ ಮುಟ್ಟಿ ಇನ್ನೂ ಏನೋ ಹೇಳಿದರು. ಅದು ನನಗೆ ಕೇಳಿಸಲಿಲ್ಲ. 'ಚೂರು' ಅಂದ ಮೇಲೆ ನನ್ನ ಕಿವಿ ಮುಚ್ಚಿಹೋಗಿದ್ದವು. "ಮೊದಲು ಶುಗರ್ ಇಳಿಸ್ರಿ. ದಿನಾ ಒಂದು ತಾಸು ನಡೀರಿ" ಎಂದದ್ದು ಮಾತ್ರ ಹೆಂಡತಿ ಕೇಳಿಸಿಕೊಂಡು ಬಂದಳು.

ಸಂಜೆ ಹರಪನಹಳ್ಳಿ ರಸ್ತೆಯಲ್ಲಿ ನಡೆಯಲು ಹೊರಟೆ. ನೂರು ಹೆಜ್ಜೆ ಹಾಕಿರಲಿಲ್ಲ, ಪರಿಚಯದವರೊಬ್ಬರ ಬೈಕು ನಿಂತಿತು.

"ಯಾಕ್ರಿ ನಡ್ಕೊಂಡು ಹೊಂಟೀರಿ? ಹತ್ರಿ."

"ಇಲ್ರಿ, ಸುಮ್ನ ನಡಿಯಾಕ ಬಂದೀನಿ."

"ಇರ್ಲಿ ಹತ್ರಿ, ಸಂಕೋಚ ಯಾಕ?"

ನಮ್ಮೂರಲ್ಲಿ ಪರಿಚಯದವರನ್ನು ನಡೆದು ಹೋಗಲು ಬಿಡುವುದು ಮರ್ಯಾದೆಯಲ್ಲ. ಬೈಕಿನ ಮೇಲೆ ಕರೆದು ಕೂಡಿಸಿ ಮನೆಗೆ ಬಿಟ್ಟರು. ಮತ್ತೆ ಹೊರಟೆ. ಈ ಸಲ ತೋಟದವರ ಗೂಡ್ಸ್ ಗಾಡಿ ವಾಪಸು ತಂದು ಬಿಟ್ಟಿತು. ಮೂರನೆಯ ಸಲ ಗಟ್ಟಿಮನಸ್ಸು ಮಾಡಿ, "ಸಕ್ಕರಿ ಕಾಯಿಲಿ ಐತ್ರಿ, ನಡೀಲೇಬೇಕು" ಎಂದೆ. ಆ ಬೈಕಿನವರು ನನ್ನ ಪಕ್ಕದಲ್ಲೇ ಕಾಲೂರಿ ನಿಧಾನವಾಗಿ ಗಾಡಿ ತಳ್ಳುತ್ತ, ತಮ್ಮ ದೊಡ್ಡಪ್ಪ ಇದೇ ಕಾಯಿಲೆಯಲ್ಲಿ ಮೊದಲು ಹೆಬ್ಬೆರಳು, ಆಮೇಲೆ ಪಾದ, ಆಮೇಲೆ ಮೊಣಕಾಲು ಕಳೆದುಕೊಂಡ ಕಥೆಯನ್ನು ಅದೇ ಕ್ರಮದಲ್ಲಿ ಹೇಳಿದರು. ಕಥೆ ಸೊಂಟದ ಹತ್ತಿರ ಬರುವಷ್ಟರಲ್ಲಿ "ಸ್ವಲ್ಪ ಮನಿಗಿ ಬಿಡ್ರಿ" ಎಂದು ನಾನೇ ಹತ್ತಿದೆ. ಅವರು ಮನೆಗೆ ಹೋಗುವ ಮೊದಲು ಒಂದು ನಿಮಿಷ ಎಂದು ಯಾರದೋ ಗೃಹಪ್ರವೇಶಕ್ಕೆ ಕರೆದುಕೊಂಡು ಹೋದರು.

ಅವತ್ತು ನಾನು ನಡೆದದ್ದು ಒಟ್ಟು ಮುನ್ನೂರು ಹೆಜ್ಜೆ, ತಿಂದದ್ದು ಎರಡು ಹೋಳಿಗೆ.

ಐಸ್ ಡಬ್ಬಿ

ಕೊನೆಗೆ ಹಿತ್ತಲಲ್ಲಿ ಬಾವಿಯ ಸುತ್ತ ತಿರುಗಿ ತಿರುಗಿ ಸಕ್ಕರೆ ಇಳಿಸಿಕೊಂಡೆ. ಡಾಕ್ಟರಮ್ಮ ಸೂಜಿ ಹಾಕಿ, ಅಕ್ಕಿಕಾಳಿಗಿಂತ ತುಸು ದೊಡ್ಡ ಚೂರನ್ನು ತೆಗೆದು ಸಣ್ಣ ಬಾಟಲಿಯ ನೀರಿನಂಥ ಔಷಧದಲ್ಲಿ ಹಾಕಿದರು. ಬೆಳ್ಳಗೆ ತೇಲುತ್ತಿತ್ತು. ನೋವೇನೂ ಆಗಲಿಲ್ಲ. ಆದರೆ ಆ ಬಾಟಲಿಯಿಂದ ಕಣ್ಣು ಕೀಳಲಾಗಲಿಲ್ಲ. ನಾನು ಇರಬೇಕೋ ಬೇಡವೋ ಎನ್ನುವುದು ಅದರಲ್ಲಿತ್ತು.

"ದಾವಣಗೆರೆ ಲ್ಯಾಬಿಗೆ ಕೊರಿಯರ್‌ನಲ್ಲಿ ಕಳಿಸ್ತೀವಿ, ತಲುಪೋಕೆ ಎರಡು ದಿನ" ಎಂದರು ಡಾಕ್ಟರಮ್ಮ.

ಎರಡು ದಿನ ತಡೆಯುವ ಜೀವ ನನ್ನದಲ್ಲ. "ನಮ್ಮ ಹೂವು ಹತ್ತು ಗಂಟೆಗೆ ದಾವಣಗೆರ‍್ಯಾಗ ಇರ್ತಾವ್ರಿ. ಅದರ ಜೋಡಿ ಕಳಸ್ತೀನಿ, ಕೊಡ್ರಿ" ಎಂದು ಕಾಡಿ ಬೇಡಿ ಬಾಟಲಿ ಇಸಿದುಕೊಂಡೆ. ಐಸ್ ಏನೂ ಬೇಡ, ಹಾಗೇ ಕಳಿಸಿ ಎಂದು ಅವರು ಎರಡು ಸಲ ಹೇಳಿದರು.

ಹೆಂಡತಿ ಒಪ್ಪಲಿಲ್ಲ. "ಮಲ್ಲಿಗಿಗೇ ಐಸ್ ಹಾಕ್ತೀವಿ, ನಿಮ್ಮ ಗಲ್ಲಕ್ಕ ಹಾಕಬಾರದೇನು? ಬಾಡಿದ ಮಾಲು ನೋಡಿ ಅವರು ಕೆಟ್ಟೈತಿ ಅಂತ ಬರದ್ರ?" ಎಂದಳು. ಅದೂ ನಿಜವೇ ಅನ್ನಿಸಿತು. ಬಾಟಲಿಗೆ ಒದ್ದೆ ಬಟ್ಟೆ ಸುತ್ತಿ, ಐಸ್ ಇಟ್ಟು, ಹೂವಿನದೇ ಅಳತೆಯ ಡಬ್ಬಿಯಲ್ಲಿ ಕಟ್ಟಿದೆವು.

ಬೆಳಿಗ್ಗೆ ಎರಡು ಡಬ್ಬಿ, ಎರಡು ಚೀಟಿ. ಒಂದು ದಾವಣಗೆರೆಯಲ್ಲಿ ನಮ್ಮ ಹೂವು ಕೊಳ್ಳುವ ಸಾಹುಕಾರರಿಗೆ, ಇನ್ನೊಂದು ಲ್ಯಾಬಿಗೆ. ಚೀಟಿ ಅಂಟಿಸುವಾಗ ನನ್ನ ಕಣ್ಣು ಬಸ್ಸಿನ ಮೇಲಿತ್ತು, ಡಬ್ಬಿಗಳ ಮೇಲಿರಲಿಲ್ಲ. ಬಸ್ಸು ಹೋಯಿತು. ನಾನು ಫೋನು ತೊಡೆಯ ಮೇಲಿಟ್ಟುಕೊಂಡು ಕೂತೆ. ಹನ್ನೊಂದಕ್ಕೆ ಲ್ಯಾಬಿನಿಂದ ಫೋನ್ ಬಂತು, ಹೆಣ್ಣುಮಗಳ ದನಿ.

"ಸರ್, ನಿಮ್ ಸ್ಯಾಂಪಲ್ ಬಂತು. ತುಂಬಾ ಚೆನ್ನಾಗೈತೆ."

ಕಣ್ಣಲ್ಲಿ ನೀರು ಬಂತು. "ಇಷ್ಟು ಲಗೂನ ಗೊತ್ತಾತೇನ್ರಿ?"

"ತೆಗೆದ ಕೂಡ್ಲೇ ಘಮ್ ಅಂತು. ಎಲ್ರೂ ಹಂಚ್ಕಂಡು ಕಟ್ಟಿ ಮುಡ್ಕಂಡ್ವಿ. ನಮ್ ಡಾಕ್ಟರ್ ಮೇಡಮ್ಮೂ ಮುಡ್ಕಂಡಿದಾರೆ. ಆದ್ರೆ ಟೆಸ್ಟ್ ಏನ್ ಮಾಡ್ಬೇಕು ಅಂತ ಗೊತ್ತಾಗ್ಲಿಲ್ಲ."

ಹೂವು ಲ್ಯಾಬಿನಲ್ಲಿದ್ದರೆ ನನ್ನ ಗಲ್ಲ ಎಲ್ಲಿ? ಸಾಹುಕಾರರಿಗೆ ಫೋನ್ ಮಾಡಿದರೆ ಎತ್ತುತ್ತಿಲ್ಲ. ಕಸವೆಂದು ಗಟಾರಕ್ಕೆ ಎಸೆದಿದ್ದರೆ ಏನು ಗತಿ, ಮತ್ತೆ ಆ ಕುರ್ಚಿ, ಮತ್ತೆ ಆ ಸೂಜಿ ಎಂದುಕೊಳ್ಳುತ್ತ ಮತ್ತೆ ಮತ್ತೆ ನಂಬರ್ ಒತ್ತಿದೆ. ಅರ್ಧ ತಾಸಿನ ಮೇಲೆ ಅವರೇ ಮಾಡಿದರು.

"ಯಾಕ್ರಿ ಇವತ್ತು ಬರೇ ಒಂದ ಮೊಗ್ಗು ಕಳ್ಸೀರಿ, ಅದೂ ಬಾಟ್ಲಿಯಾಗ? ಹೊಸ ತಳಿ ಏನು?"

"ಮುಟ್ಟೀರೇನ್ರಿ?" ಎಂದೆ, ಜೀವ ಬಾಯಿಗೆ ಬಂದು.

"ಮುಚ್ಚಳ ತೆಗೆದು ಮೂಸಿ ನೋಡಿದೆ, ತಲಿ ತಿರುಗಿ ಗಲ್ಲಾ ಪೆಟ್ಟಿಗಿ ಮ್ಯಾಲ ಬಿದ್ದಿದ್ದೆ. ಅದಕ್ಕ ಫೋನ್ ಎತ್ಲಿಲ್ಲ. ಈ ತಳಿ ನಡಿಯಂಗಿಲ್ರಿ, ಯಾರೂ ಮುಡಿಯಂಗಿಲ್ಲ."

ವಿಷಯ ಹೇಳಿದೆ. ಒಳ್ಳೆಯ ಮನುಷ್ಯರು, ತಾವೇ ಬಾಟಲಿಯನ್ನು ಎರಡು ಕೈಯಲ್ಲಿ ಹಿಡಿದು ಲ್ಯಾಬಿಗೆ ಮುಟ್ಟಿಸಿ ಬಂದರು.

ಎಂಟು ದಿನ

ವರದಿಗೆ ಎಂಟು ದಿನ ಎಂದರು. ಚೂರು ಕೊಟ್ಟ ಮರುದಿನ ಬೆಳಿಗ್ಗೆ ಹೆಂಡತಿಯ ತಲೆ ನೋಡಿದೆ. ಬೆರಳುದ್ದ ಮುಡಿಯುವವಳು ಅವತ್ತು ಒಂದಿಡೀ ಮಾರು ಮಲ್ಲಿಗೆ ಮುಡಿದಿದ್ದಳು. ಬೆನ್ನ ತುಂಬ ಇಳಿಬಿದ್ದಿತ್ತು. ಮರುದಿನ ಎರಡು ಮಾರು. ಯಾಕೆ ಎಂದು ನಾನು ಕೇಳಲಿಲ್ಲ. ಮುಡಿಯುವಷ್ಟು ದಿನ ಮುಡಿದುಬಿಡೋಣ ಎಂದು ಆಕೆ ಅಂದುಕೊಂಡದ್ದು ನನಗೆ ತಿಳಿಯಿತು. ನನಗಿಂತ ಹೆಚ್ಚು ಹೆದರಿದವರು ಮನೆಯಲ್ಲಿದ್ದಾರೆ ಎಂದು ಅವತ್ತೇ ಗೊತ್ತಾದದ್ದು. ಮಾಲೆಗೆ ಹೂವು ಜೋಡಿಸಿಕೊಡುತ್ತ ಸುಮ್ಮನೆ ಕೂತೆ.

ಎಂಟನೆಯ ದಿನ ಡಾಕ್ಟರಮ್ಮ ಫೋನ್ ಮಾಡಿದರು. "ಇಬ್ರೂ ಬರ್ರಿ" ಎಂದಷ್ಟೇ ಹೇಳಿ ಇಟ್ಟರು. ಇಬ್ಬರೂ ಯಾಕೆ ಎನ್ನುವುದೇ ನಮಗೆ ದಾರಿಯುದ್ದಕ್ಕೂ ಭಯ. ಹೆಂಡತಿಯ ತಲೆ ನೋಡಿ ಕಂಡಕ್ಟರು, "ಯಾರ ಮದಿವಿಗಿ ಹೊಂಟೀರ್ರಿ ಅಕ್ಕಾರ?" ಎಂದರು. ಆಕೆ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಡಾಕ್ಟರಮ್ಮ ಕಾಗದ ಓದಿ ಕನ್ನಡಕ ತೆಗೆದರು. "ಏನೂ ಇಲ್ರಿ. ಮುರಿದ ಹಲ್ಲಿನ ಚೂಪು ತಾಗಿ ಆದ ಹುಣ್ಣು. ಅವತ್ತೇ ಹೇಳಿದ್ದೆ, ನೀವು ಕೇಳಲಿಲ್ಲ. ಆ ಹಲ್ಲು ಕಿತ್ತರೆ ವಾಸಿ ಆಗ್ತದ. ಈಗ್ಲೇ ಕೀಳೋಣ, ಅದಕ್ಕೇ ಅಕ್ಕಾರನ್ನೂ ಕರೆದದ್ದು."

ಅತ್ತುಬಿಟ್ಟೆ. ನಾಚಿಕೆಯಿಲ್ಲದೆ ಅತ್ತೆ. ಕಣ್ಣೊರೆಸಿಕೊಳ್ಳುವಷ್ಟರಲ್ಲಿ 'ಈಗ್ಲೇ' ಎನ್ನುವ ಮಾತು ಕಿವಿಗೆ ಇಳಿಯಿತು. "ಚಹಾ ಕುಡಿದು ಬರ್ತೀನಿ" ಎಂದು ಎದ್ದು ಬಾಗಿಲಿಗೆ ಬಂದರೆ ಚಪ್ಪಲಿ ಇರಲಿಲ್ಲ. ಹೆಂಡತಿ ಬರುವಾಗಲೇ ಅವನ್ನು ತನ್ನ ಚೀಲಕ್ಕೆ ಹಾಕಿಕೊಂಡಿದ್ದಳು.

ಹಲ್ಲು ಕೀಳಿಸಿಕೊಂಡು, ಬಾಯಿ ತುಂಬ ಹತ್ತಿ ಕಚ್ಚಿಕೊಂಡು ಹೊರಗೆ ಬಂದೆ. ಹೆಂಡತಿ ಮಲ್ಲಿಗೆಯನ್ನೆಲ್ಲ ಬಿಚ್ಚಿ ನರ್ಸಿಗೆ ಕೊಟ್ಟುಬಿಟ್ಟಿದ್ದಳು. ತಲೆಯಲ್ಲಿ ಉಳಿದದ್ದು ಬೆರಳುದ್ದ. ಯಾಕೆ ಎಂದು ಕೈಸನ್ನೆಯಲ್ಲಿ ಕೇಳಿದೆ. ಆಕೆ ಚೀಲದಿಂದ ಚಪ್ಪಲಿ ತೆಗೆದು ನನ್ನ ಕಾಲ ಮುಂದಿಟ್ಟಳು.

"ಸಾಕಾತು. ಎಂಟು ದಿನ ಆ ಭಾರ ಹೊತ್ತು ಕುತ್ಗಿ ಹಿಡ್ಕೊಂಡೈತಿ, ಹೊಳ್ಳಸಾಕ ಬರವಲ್ದು. ನಾಳಿ ಡಾಕ್ಟರ್ ಕಡಿ ನನ್ನ ಕರ್ಕೊಂಡು ಹೋಗ್ರಿ. ಬಾಗಿಲಾಗ ಕುಂದ್ರೋ ಪಾಳಿ ಇನ್ನ ನಿಮ್ದು."