ಶುಚಿರಾಣಿಗೆ ಎಂಜಲು ಆಗುವುದಿಲ್ಲ

"ನೋಡ್ತಾ ಇರಿ, ಇವತ್ತು ನಮ್ಮ ಪಂಪು ಹೇಗೆ ಫಳಫಳ ಅನ್ನುತ್ತೆ ಅಂತ!" ಎಂದು ಜವರಪ್ಪ ಎದೆಯುಬ್ಬಿಸಿ ಹೊದಿಕೆ ಎಳೆದ. ಅದರಡಿಯಿಂದ ಎಂಟು ಕೈಗಳ ಯಂತ್ರವೊಂದು ಎದ್ದು ಕೂತಿತು. ಒಂದು ಕೈಯಲ್ಲಿ ತೆಂಗಿನ ನಾರು, ಇನ್ನೊಂದರಲ್ಲಿ ಹುಣಸೆಹಣ್ಣು. ಹೆಸರು ಶುಚಿರಾಣಿ!

ಪಕ್ಕದ ಮನೆಯವನಾದ ನಾನು ಇವನ ಯಂತ್ರಗಳಿಂದ ಎರಡು ಸಲ ಹುಬ್ಬು ಸುಟ್ಟುಕೊಂಡವನು. ಆದರೂ ಹೋಗಿದ್ದೆ. ಬಿಯರು ಕೊಡ್ತೀನಿ ಅಂದಿದ್ದನಲ್ಲ!

ಜವರಪ್ಪನ ಜೀವವೆಲ್ಲ ಆ ಹಿತ್ತಾಳೆ ಕೈಪಂಪಿನಲ್ಲಿ. ಹಿಡಿ ಜಗ್ಗಿದರೆ ಪೀಪಾಯಿಯ ಬಿಯರು ನೊರೆನೊರೆಯಾಗಿ ಲೋಟಕ್ಕೆ ಬೀಳುತ್ತದೆ. ಆದರೆ ಮಹರಾಯ ಒಂದು ದಿನವೂ ಅದರ ಕೊಳವೆ ತೊಳೆದವನಲ್ಲ. ಒಳಗೆಲ್ಲ ಲೋಳೆ ಕಟ್ಟಿ ಮನೆಯಿಡೀ ಹುಳಿ ನಾತ. ಅವನ ಹೆಂಡತಿ ಪುಟ್ಟತಾಯಮ್ಮ ಕೊನೆಗೆ ಹೇಳಿಬಿಟ್ಟಿದ್ದರು: "ಒಂದು ತಿಂಗಳು ಟೈಮು. ನಾತ ಹೋಗದಿದ್ರೆ ಪಂಪು ಗುಜರಿಗೆ. ಜೊತೆಗೆ ನೀವೂ ಹೋಗೋದಾದ್ರೆ ಹೋಗಿ!"

ಇವತ್ತು ಕೊನೆಯ ದಿನ. ರಾಣಿಗೆ ತೊಳೆಯುವುದನ್ನು ಕಲಿಸಲೆಂದು ಜವರಪ್ಪ ತಿಂಗಳಿಡೀ ಅಡುಗೆಮನೆಯ ಸಿಂಕಿನ ಮೇಲೆ ಕ್ಯಾಮೆರಾ ಕಟ್ಟಿದ್ದ. ಪುಟ್ಟತಾಯಮ್ಮ ಪಾತ್ರೆ ಉಜ್ಜುವುದನ್ನೂ ಬೈಯುವುದನ್ನೂ ಯಂತ್ರ ಅಕ್ಷರಶಃ ಕಲಿತಿತ್ತು.

ರಾಣಿ ಪಂಪು ಬಿಚ್ಚಿತು, ಕೊಳವೆಗೆ ಬಿಸಿನೀರು ಹಾಯಿಸಿ ಲೋಳೆ ಕಿತ್ತಿತು, ಹುಣಸೆಹಣ್ಣು ಹಾಕಿ ಉಜ್ಜಿ ತಿರುಗಿ ಜೋಡಿಸಿತು. ಹಿತ್ತಾಳೆಯಲ್ಲಿ ನನ್ನ ಬೋಳುತಲೆ ಕಂಡಿತು! ಪುಟ್ಟತಾಯಮ್ಮ ಬಗ್ಗಿ ಮೂಸಿ, "ಪರವಾಗಿಲ್ಲ" ಎಂದರು. ಜವರಪ್ಪನ ಕಣ್ಣಲ್ಲಿ ನೀರು ಬಂತು. ಮದುವೆಯಾದ ಮೇಲೆ ಆ ಮಾತು ಕೇಳಿದ್ದು ಅದೇ ಮೊದಲಂತೆ.

ಜವರಪ್ಪ ಪಂಪು ಜಗ್ಗಿ ತುಂಬಿಕೊಟ್ಟ ಲೋಟವನ್ನು ನಾನು ತುಟಿಗಿಟ್ಟೆ. ಒಂದೇ ಒಂದು ಗುಟುಕು! ರಾಣಿ ಲೋಟ ಕಿತ್ತುಕೊಂಡು, ಬಿಯರು ಚೆಲ್ಲಿ, ಗಸಗಸ ಉಜ್ಜತೊಡಗಿತು.

"ಎಂಜಲು!" ಎಂದಿತು, ಥೇಟ್ ಪುಟ್ಟತಾಯಮ್ಮನ ದನಿಯಲ್ಲಿ.

"ಲೇ, ಅದು ನನ್ನ ಬಿಯರು ಕಣೇ!"

"ಎಂಜಲು ಎಂಜಲೇ!"

ಇನ್ನೊಬ್ಬ ಅತಿಥಿ ಚೆಲುವರಾಜು ರಿಟೈರ್ಡ್ ಪೊಲೀಸ್ ಇನ್‌ಸ್ಪೆಕ್ಟರು. "ನನ್ನ ಲೋಟ ಮುಟ್ಲಿ ನೋಡೋಣ!" ಎಂದು ಎರಡೂ ಕೈಯಲ್ಲಿ ಹಿಡಿದು ಕುಡಿದ. ರಾಣಿ ಒಂದು ಕ್ಷಣ ಯೋಚಿಸಿತು. ಎಂಜಲು ಹುಟ್ಟುವುದೆಲ್ಲಿ? ಬಾಯಲ್ಲಿ! ಸರಿ, ಅವನ ತಲೆ ಹಿಡಿದು ಬಾಯಿ, ಮೀಸೆಗೆಲ್ಲ ಹುಣಸೆಹಣ್ಣು ಹಾಕಿ ತಿಕ್ಕಿತು. ಇಪ್ಪತ್ತು ವರ್ಷದಿಂದ ಕಪ್ಪಗಿದ್ದ ಮೀಸೆ ಅರ್ಧ ನಿಮಿಷದಲ್ಲಿ ಬೆಳ್ಳಗಾಯಿತು.

"ಜವರಪ್ಪಾ, ನಿನ್ನ ಒಳಗೆ ಹಾಕ್ತೀನಿ!"

"ಆಫ್ ಮಾಡೋ ಪುಣ್ಯಾತ್ಮ!" ಎಂದು ನಾನೂ ಕೂಗಿದೆ.

"ಹೇಗೆ ಮಾಡ್ಲೋ? ಸ್ವಿಚ್ಚನ್ನೂ ಅದೇ ಉಜ್ಜಿ ಕಿತ್ತುಹಾಕಿಬಿಟ್ಟಿದೆ!"

ಅಷ್ಟರಲ್ಲಿ ರಾಣಿ ಪೀಪಾಯಿಯ ಹತ್ತಿರ ಹೋಗಿ ಮೂಸಿತು. ಜವರಪ್ಪನ ಮುಖ ಬಿಳಿಚಿತು. ಬೆಳಿಗ್ಗೆ ರುಚಿ ನೋಡಲೆಂದು ಬೆರಳು ಅದ್ದಿ ನೆಕ್ಕಿ, ಅದೇ ಬೆರಳನ್ನು ಮತ್ತೆ ಅದ್ದಿದ್ದನಂತೆ, ಆಗ ಬಾಯಿಬಿಟ್ಟ!

"ಪೀಪಾಯಿಯೆಲ್ಲ ಎಂಜಲು!" ರಾಣಿ ಅದನ್ನು ಎಂಟು ಕೈಯಲ್ಲೂ ಎತ್ತಿ ಕಿಟಕಿಯಾಚೆ ಸುರಿಯಿತು. ಪೀಪಾಯಿಗೆ ಜೋತುಬಿದ್ದಿದ್ದ ಜವರಪ್ಪ, "ಬೇಡ ತಾಯಿ, ಬೇಡ!" ಎಂದು ಗೋಗರೆಯುತ್ತಲೇ ದಾಸವಾಳದ ಗಿಡದ ಮೇಲೆ ಬಿದ್ದ.

"ನೆಕ್ಕಿದ ಬೆರಳನ್ನೇ ಅದ್ದಿದ್ರಾ? ಥೂ! ಸರಿಯಾಗೇ ಮಾಡ್ತು ಬಿಡಿ," ಎಂದರು ಪುಟ್ಟತಾಯಮ್ಮ.

ಪಂಪು ಗುಜರಿಗೆ ಹೋಗಲಿಲ್ಲ. ರಾಣಿಯನ್ನು ಬಿಚ್ಚಿಹಾಕಲು ಪುಟ್ಟತಾಯಮ್ಮ ಬಿಡಲಿಲ್ಲ. ಈಗ ಪ್ರತಿ ಭಾನುವಾರ ನಾವು ಮೂವರೂ ಸಾಲಾಗಿ ಕೂತು, ಮುಖ ಮೇಲೆತ್ತಿ, ತುಟಿಗೆ ತಾಗಿಸದೆ ಬಿಯರನ್ನು ಎತ್ತಿ ಕುಡಿಯುತ್ತೇವೆ. ಬಹಳ ಶುಚಿಯಾದ ಬಿಯರು. ಅರ್ಧ ಮೂಗಿಗೆ ಹೋಗುತ್ತದೆ, ಅಷ್ಟೇ.