ಥರ್ಮಾಕೋಲ್ ಕೊಯ್ಯುವ ಬಿಲ್ಲು

ಕೆಲವರಿಗೆ ಶನಿ ಹೆಗಲೇರುತ್ತಾನೆ, ನನಗೆ ಥರ್ಮಾಕೋಲ್ ಏರಿದೆ. ಏರಿದ್ದು ಇಳಿಯುವ ಲಕ್ಷಣ ಮಾತ್ರ ಕಾಣುತ್ತಿಲ್ಲ. ಹರಿಹರದ ಒಂದು ಹೈಸ್ಕೂಲಿನಲ್ಲಿ ನಾನು ಡ್ರಾಯಿಂಗ್ ಮೇಷ್ಟ್ರು. ಇಪ್ಪತ್ತೆರಡು ವರ್ಷದಿಂದ ಶಾಲೆಗೆ ಅಣೆಕಟ್ಟು ಬೇಕೆಂದರೂ ನಾನೇ, ಜ್ವಾಲಾಮುಖಿ ಬೇಕೆಂದರೂ ನಾನೇ, ದವಡೆ ಹಲ್ಲಿನ ಒಳಭಾಗ ಬೇಕೆಂದರೂ ನಾನೇ. ಈ ಮಾದರಿಗಳನ್ನೆಲ್ಲ ಮಾಡುವುದು ಮನೆಯಲ್ಲಿ, ಅದೂ ಭಾನುವಾರ. ಬ್ಲೇಡಿನಲ್ಲಿ ಕೊಯ್ದರೆ ಬಿಳಿ ಕಾಳು ಮನೆ ತುಂಬಾ ಹಾರಾಡುತ್ತವೆ. ಗುಡಿಸಲು ಹೋದರೆ ಪೊರಕೆಗೇ ಅಂಟಿಕೊಳ್ಳುತ್ತವೆ.

ನನ್ನ ಹೆಂಡತಿಗೆ ಇದ್ದದ್ದು ಒಂದೇ ಆಸೆ. ಇಬ್ಬರೂ ಹೊಳೆದಂಡೆಯ ಉಕ್ಕಡಗಾತ್ರಿ ಗುಡಿಗೆ ಹೋಗಿ ಹರಕೆ ಹೊತ್ತು ಬರಬೇಕು. ಏನು ಹರಕೆ ಅಂದರೆ ಬಾಯಿ ಬಿಡುತ್ತಿರಲಿಲ್ಲ. "ಒಂದು ಭಾನುವಾರ ಕೊಡ್ರಿ, ಸಾಕು" ಅನ್ನುತ್ತಿದ್ದಳು. ಹನ್ನೊಂದು ತಿಂಗಳಾಗಿತ್ತು, ಆ ಒಂದು ಭಾನುವಾರ ನನ್ನ ಕೈಲಿ ಕೊಡಲಾಗಿರಲಿಲ್ಲ.

ಮಂಡಕ್ಕಿ

ಸೌರಮಂಡಲ ಎಲ್ಲಿಗೆ ಬಂತು ನೋಡೋಣ ಅಂತ ಒಂದು ಭಾನುವಾರ ಹೆಡ್‌ಮಾಸ್ಟರ್ ಮನೆಗೇ ಬಂದರು. ನಮ್ಮ ಕಡೆ ಮನೆಗೆ ಬಂದವರನ್ನು ಮಂಡಕ್ಕಿ ತಿನ್ನಿಸದೆ ಕಳಿಸುವುದುಂಟೇ? ಹೆಂಡತಿ ಒಗ್ಗರಣೆ ಹಾಕಿ ತಂದಿಟ್ಟಳು. ನಾನು ಪಕ್ಕದಲ್ಲೇ ಕೂತು ಶನಿಗ್ರಹದ ಬಳೆ ಕೊಯ್ಯುತ್ತಿದ್ದೆ. ಮೇಲೆ ಫ್ಯಾನು ಜೋರಾಗಿ ತಿರುಗುತ್ತಿತ್ತು.

ಹೆಡ್‌ಮಾಸ್ಟರ್ ಮಾತಾಡುತ್ತಾ ಅರ್ಧ ತಟ್ಟೆ ಮುಗಿಸಿ, "ಮಂಡಕ್ಕಿ ಬಾಳ ಚಲೋ ಐತ್ರಿ ಅಮ್ಮಾರೆ. ಆದ್ರ ಕೆಲವು ಕಾಳು ಎಷ್ಟು ಅಗದ್ರೂ ನುರಿಯವಲ್ಲವು. ಯಾವ ಮಂಡಕ್ಕಿ ಭಟ್ಟೀದ್ರಿ ಇವು?" ಅಂದರು.

ಹೆಂಡತಿ ನನ್ನನ್ನೇ ದುರುಗುಟ್ಟಿ ನೋಡುತ್ತಾ ಹೇಳಿದಳು: "ಮನ್ಯಾಗೇ ತಯಾರಾಗಿದ್ದು ಸಾರ್."

ಕಾಯಿಲ್

ಕಾದ ತಂತಿಯಲ್ಲಿ ಕೊಯ್ದರೆ ಒಂದು ಕಾಳೂ ಉದುರಲ್ಲ, ಒಂದು ದಿನದ ಕೆಲಸ ಒಂದು ಗಂಟೆಯಲ್ಲಿ ಮುಗಿಯುತ್ತದೆ ಅಂತ ನಮ್ಮ ಸೈನ್ಸ್ ಮೇಡಂ ಹೇಳಿದರು. ತಂತಿ ಎಲ್ಲಿ ಸಿಗುತ್ತದೆ? ಕರೆಂಟ್ ಒಲೆಯ ಕಾಯಿಲ್ ಎಳೆದು ನೆಟ್ಟಗೆ ಮಾಡಿದರೆ ಅದೇ ತಂತಿ. ಶನಿವಾರ ಮಧ್ಯಾಹ್ನ ದಾವಣಗೆರೆ ಬಸ್ಸು ಹತ್ತಿದೆ. ಪಿ.ಜೆ. ಬಡಾವಣೆಯ ಒಂದು ಎಲೆಕ್ಟ್ರಿಕಲ್ ಅಂಗಡಿಗೆ ಹೋಗಿ ಕೇಳಿದೆ.

"ಒಲಿ ತಂದೀರೇನ್ರಿ? ಅಳತಿ ನೋಡ್ಬೇಕು."

"ಒಲೆ ಇಲ್ಲ."

"ಮತ್ತೆ ಕಾಯಿಲ್ ಯಾಕ?"

"ಸುರುಳಿ ಬಿಚ್ಚಿ ನೆಟ್ಟಗೆ ಮಾಡಬೇಕು."

ಅಂಗಡಿಯವರು ನನ್ನ ಮುಖ ನೋಡಿದರು, ಕಾಯಿಲ್ ನೋಡಿದರು. ಇದನ್ನು ಸುತ್ತಲಿಕ್ಕೇ ಅಂತ ಒಂದು ಫ್ಯಾಕ್ಟರಿ ಇದೆ ಅಂದರು. ನಾನು ತಲೆಯಾಡಿಸಿದೆ. ಪೊಟ್ಟಣ ಕಟ್ಟಿ ಕೈಗಿಡುವಾಗ ದನಿ ಇಳಿಸಿ, "ಮೇಷ್ಟ್ರಾ ನೀವು?" ಅಂತ ಕೇಳಿದರು.

"ಹೌದು."

"ಅದಕ್ಕಾ. ನೋಡ್ರಿ, ಬಿಚ್ಚಿದ ಮ್ಯಾಲೆ ವಾಪಸ್ ತಗಳಲ್ಲ."

ಯಾರ ಪಾರ್ಟು?

ಮರುದಿನ ಬಿದಿರಿನ ದಬ್ಬೆ ಬಗ್ಗಿಸಿ, ಎರಡು ತುದಿಗೂ ತಂತಿ ಬಿಗಿದು, ಅಂಗಳದಲ್ಲಿ ನಿಂತು ಎಳೆದು ನೋಡುತ್ತಿದ್ದೆ. ಪಕ್ಕದ ಮನೆಯ ಅಜ್ಜ, ಪ್ರಾಯದಲ್ಲಿ ಊರಿನ ನಾಟಕಗಳಲ್ಲಿ ಬಣ್ಣ ಹಚ್ಚಿದವರು, ಕಾಂಪೌಂಡ್ ಮೇಲಿಂದ ಇಣುಕಿದರು.

"ಏನ್ ಮೇಷ್ಟ್ರೇ, ಯಾರ ಪಾರ್ಟು? ರಾಮಂದಾ, ಅರ್ಜುನಂದಾ?"

"ಇಲ್ಲ ಅಜ್ಜ. ಥರ್ಮಾಕೋಲ್ ಕೊಯ್ಯೋಕೆ."

ಅಜ್ಜನಿಗೆ ಬೇಜಾರಾಯಿತು. "ಹಂಗಾರ ಡೈಲಾಗ್ ಇಲ್ಲ ಬಿಡು."

ಸ್ಕೂಟರಿನ ಬ್ಯಾಟರಿ ಬಿಚ್ಚಿ ತಂದು ತಂತಿಗೆ ಕನೆಕ್ಷನ್ ಕೊಟ್ಟೆ. ತಂತಿ ಕಾದಿತು. ಕಾದದ್ದೇ ಉದ್ದವಾಗಿ ಜೋತು ಬಿತ್ತು, ಶನಿಯ ಬಳೆ ಮಡಿಚಿಟ್ಟ ಹೋಳಿಗೆಯ ಹಾಗೆ ಬಂತು. ತಂತಿ ಬಿಗಿಯಾಗಿರಲು ಒಂದು ಸ್ಪ್ರಿಂಗ್ ಬೇಕಿತ್ತು. ಸೊಳ್ಳೆ ಜಾಲರಿಯ ಬಾಗಿಲಿನದು ಕಿತ್ತು ಹಾಕಿದೆ. ಆಮೇಲೆ ನೋಡಬೇಕಿತ್ತು! ಸರ್ರನೆ ಕೊಯ್ಯಿತು, ಒಂದು ಕಾಳೂ ಉದುರಲಿಲ್ಲ. ಹೆಂಡತಿ ಅಡುಗೆಮನೆಯಿಂದ ಬಂದು ಬಗ್ಗಿ ನೋಡಿ, "ಅಬ್ಬಾ, ಬರೋ ಭಾನುವಾರ ಹೊಂಟ್ವಿ!" ಅಂದಳು.

ಸೋಮವಾರ ಸ್ಕೂಟರ್ ಸ್ಟಾರ್ಟೇ ಆಗಲಿಲ್ಲ. ಬ್ಯಾಟರಿ ಇನ್ನೂ ಬಿಲ್ಲಿನ ಪಕ್ಕದಲ್ಲೇ ಕೂತಿದೆ ಅನ್ನುವುದು ನೆನಪಾಗುವಷ್ಟರಲ್ಲಿ ಅರ್ಧ ದಾರಿ ತಳ್ಳಿಯಾಗಿತ್ತು.

ಸರದಿ

ಬರೋ ಭಾನುವಾರ ಹೋಗಲಿಲ್ಲ. ಅದರ ಮುಂದಿನದೂ ಇಲ್ಲ. ಕೆಲಸ ಬೇಗ ಮುಗಿಯುತ್ತದೆ ಅಂತ ಗೊತ್ತಾದ ಮೇಲೆ ಯಾರು ಬಿಡುತ್ತಾರೆ? ನಾಮಕರಣದ ಹೆಸರು, ನಿಶ್ಚಿತಾರ್ಥದ ಹೆಸರು, ಗಣಪತಿ ಮಂಟಪ, ಎಲ್ಲ ನಮ್ಮ ಕಟ್ಟೆಗೇ ಬಂದು ಕೂತವು. ಒಬ್ಬರಂತೂ ಬೆಳಿಗ್ಗೆ ಆರಕ್ಕೇ ಬಂದು ವರನ ಹೆಸರು ಕೊಯ್ಯಿಸಿಕೊಂಡರು. ವಧುವಿನದು? ಅಂದೆ. "ಅದು ಇನ್ನೂ ಗೊತ್ತಾಗಿಲ್ರಿ. ನಿಮ್ಮ ಭಾನುವಾರ ಸಿಗಾದು ಕಷ್ಟ ಅಂತ ಮೊದ್ಲೇ ಬಂದೆ" ಅಂದರು.

ಹರಕೆ

ಕೊನೆಗೊಂದು ಭಾನುವಾರ ಸಾಕಪ್ಪಾ ಸಾಕು ಅನಿಸಿತು. ಫೋನ್ ಬಂದ್ ಮಾಡಿ, ಹೆಂಡತಿ ಜೊತೆ ಉಕ್ಕಡಗಾತ್ರಿಗೆ ಹೊರಟೆ. ಅವತ್ತೂ ಸ್ಕೂಟರ್ ಸ್ಟಾರ್ಟ್ ಆಗಲಿಲ್ಲ. ಹಾಳಾಗಲಿ ಅಂತ ಬಸ್ಸಿಗೇ ಹೋದೆವು. ಹೆಂಡತಿಯ ಚೀಲ ಭಾರವಿತ್ತು, ಕೈ ಚಾಚಿದರೆ "ಬ್ಯಾಡ, ರೊಟ್ಟಿ ನುಜ್ಜಾಗ್ತಾವು" ಅಂತ ಅವಳೇ ಹೊತ್ತಳು.

ಹೊಳೆಯಲ್ಲಿ ಮಿಂದು, ದರ್ಶನ ಮಾಡಿ, ಕಾಯಿ ಒಡೆಸಿ ಮೆಟ್ಟಿಲ ಮೇಲೆ ಕೂತೆವು. ಅಂಗಿ ಮೇಲೆ ಒಂದು ಬಿಳಿ ಕಾಳೂ ಇರಲಿಲ್ಲ. ಎಷ್ಟು ವರ್ಷವಾಗಿತ್ತೋ ಹಾಗೆ ಸುಮ್ಮನೆ ಕೂತು! ಈಗಲಾದರೂ ಹೇಳು, ಏನು ಹರಕೆ ಅಂತ ಕೇಳಿದೆ.

ಗಾಳಿ-ಗ್ರಹ ಹಿಡಿದವರನ್ನು ಅಲ್ಲಿಗೆ ಕರಕೊಂಡು ಬರುವುದು ನಮ್ಮ ಕಡೆ ವಾಡಿಕೆ. ಹೆಂಡತಿ ನೀರು ನೋಡುತ್ತಾ ಹೇಳಿದಳು: "ನಿಮಗ ಹಿಡಿದಿರೋ ಥರ್ಮಾಕೋಲ್ ದೆವ್ವ ಬಿಡ್ಲಿ ಅಂತ."

ನನಗೆ ಕಣ್ಣು ತುಂಬಿ ಬಂತು. "ಬಿಡ್ತು ಕಣೇ, ಇವತ್ತಿಗೆ ಬಿಡ್ತು" ಅಂದೆ. ಹಸಿವಾಗಿತ್ತು. ರೊಟ್ಟಿ ತೆಗೆಯಲು ಚೀಲಕ್ಕೆ ಕೈ ಹಾಕಿದೆ. ರೊಟ್ಟಿ ಸಿಕ್ಕಿತು, ಕೆಂಪು ಚಟ್ನಿ ಸಿಕ್ಕಿತು. ಅದರ ಕೆಳಗೆ ಟವೆಲ್ಲಿನಲ್ಲಿ ಸುತ್ತಿದ ಬಿಲ್ಲು. ಅದರ ಕೆಳಗೆ ಸ್ಕೂಟರಿನ ಬ್ಯಾಟರಿ.

"ಹೋಗ್ತಾ ಹಂಗೇ ಕೊಂಡಜ್ಜಿಗೆ, ನಮ್ಮಕ್ಕನ ಮನಿಗೆ ಹೋಗಾನ್ರಿ. ಅಕ್ಕನ ಮಗಳ ಸೀಮಂತ ಐತೆ, ಹೆಸರೊಂದು ಕೊಯ್ದು ಕೊಡ್ರಿ."

"ಮತ್ತೆ ಹರಕೆ?"

ರೊಟ್ಟಿ ಮುರಿದು ನನ್ನ ಕೈಗಿಟ್ಟು ಅಂದಳು: "ದೆವ್ವ ಇನ್ನ ಹೆಂಗೂ ಬಿಟ್ಟು ಹೋಗುತ್ತಲ್ರೀ. ಇಷ್ಟು ವರ್ಷ ಊರ ಮಂದೀದೆಲ್ಲ ಮಾಡೈತೆ, ಹೋಗಾಕ ಮುಂಚೆ ನಮ್ಮ ತವರ ಕಡೇದೊಂದು ಮಾಡಿ ಹೋಗ್ಲಿ!"