ಸಿಪ್ಪೆ ಸುಲಿಯದ ತಗಡು

ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಕೆಳಗೆ ಕಲಿತವಳು ನಾನು. ನನ್ನ ಮನೆಯಲ್ಲಿ ಟವೆಲ್ಲು ಕೂಡ ಸೊಟ್ಟಗೆ ಒಣಗುವುದಿಲ್ಲ. ಅಂಥವಳಿಗೇ ಜನರೆದುರು ತಲೆ ತಗ್ಗಿಸುವ ಪ್ರಸಂಗಗಳು ಸಾಲುಹಿಡಿದು ಬರುತ್ತವೆ. ಈ ವರ್ಷ ಅವು ತಗಡಿನ ನೆವದಲ್ಲಿ ಬಂದವು.

ತಿಕೋಟಾದಲ್ಲಿ ನಮ್ಮ ಮನೆಯವರ ಅಣ್ಣನ ದ್ರಾಕ್ಷಿ ತೋಟವಿದೆ. ಅಲ್ಲಿನ ಒಣದ್ರಾಕ್ಷಿಯ ಕೆಲಸವೆಲ್ಲ ಅವರ ಹೆಂಡತಿ, ಅಂದರೆ ನನ್ನ ನೆಗೆಣ್ಣಿ, ನೋಡಿಕೊಳ್ಳುತ್ತಾರೆ. ನಾನು ಅವರನ್ನು ಅಕ್ಕ ಎಂದೇ ಕರೆಯುವುದು. ದ್ರಾಕ್ಷಿಗೆ ಬಂಗಾರದ ಬಣ್ಣ ಬರಲೆಂದು ಶೆಡ್ಡಿನಲ್ಲಿ ಗಂಧಕದ ಹೊಗೆ ಹಾಕುತ್ತಾರೆ. ಅದೇ ಹೊಗೆಗೆ ಶೆಡ್ಡಿನ ಮಾಡಿನ ಹಳೆಯ ತಗಡು ತುಕ್ಕು ಹಿಡಿದು ಜರಡಿಯಾಗಿತ್ತು. ಕೊಯ್ಲಿಗೆ ಮೊದಲು ಹೊಸ ತಗಡು ಬೀಳದಿದ್ದರೆ, ಒಂದು ಅಕಾಲದ ಮಳೆ ಸಾಕು, ಅಕ್ಕನ ವರ್ಷದ ದುಡಿಮೆ ಕೊಳೆತುಹೋಗಲು.

"ನೀ ಕಲಿತಾಕಿ ಅದಿ ತಂಗಿ. ಯಾವ ತಗಡು ಛಲೋ ಅಂತ ನೀನ ಆರಿಸು," ಎಂದರು ಅಕ್ಕ.

ಸಹಜವಾದ ಮಾತು ಎನ್ನಿಸಿ ಒಪ್ಪಿಕೊಂಡೆ.

ಅಂಗಡಿಯಲ್ಲಿ ಬಿಟ್ಟದ್ದು

ಗೋಳಗುಮ್ಮಟದ ಹತ್ತಿರದ ತಗಡಿನ ಅಂಗಡಿಗೆ ಹೋದೆ. ಅಂಗಡಿಯವರು ಮೂರು ಬಗೆ ತೋರಿಸಿದರು: ಬರೀ ಸತುವಿನ ಲೇಪದ್ದು, ಅಲ್ಯೂಮಿನಿಯಂ ಮತ್ತು ಸತು ಕೂಡಿದ ಲೇಪದ್ದು, ಆ ಲೇಪದ ಮೇಲೆ ಮತ್ತೆ ಬಣ್ಣ ಕೂರಿಸಿದ್ದು. ಗಿರಾಕಿಗಳೆಲ್ಲ ಗಡಿಗೆ ಕೊಳ್ಳುವವರಂತೆ ಬೆರಳಿನಿಂದ ಬಡಿದು, ಸಪ್ಪಳ ಕೇಳಿ ಆರಿಸುತ್ತಿದ್ದರು. ನನಗೆ ಆ ಪದ್ಧತಿ ಸರಿಬರಲಿಲ್ಲ. ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ಗೋಳಗುಮ್ಮಟದ ಆಕಾರದ ಒಂದು ಅಯಸ್ಕಾಂತವಿದೆ, ಪ್ರವಾಸಿಗಳಿಗೆ ಮಾರುವಂಥದ್ದು. ಅದನ್ನು ಪರ್ಸಿನಲ್ಲಿ ತಂದಿದ್ದೆ.

ಅಲ್ಯೂಮಿನಿಯಂ ಎಂದು ತೋರಿಸಿದ ತಗಡಿಗೆ ಅಯಸ್ಕಾಂತ ಗಟ್ಟಿಯಾಗಿ ಅಂಟಿಕೊಂಡಿತು. ಇದು ಕಬ್ಬಿಣ, ಇದು ಮೋಸ ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಅಂಗಡಿಯವರು ಮೆಲ್ಲಗೆ ಗೋಡೆಯ ಹಲಗೆ ತೋರಿಸಿದರು. ಒಳಗೆ ಉಕ್ಕು, ಅಲ್ಯೂಮಿನಿಯಂ ಮೇಲಿನ ಲೇಪದಲ್ಲಿ ಮಾತ್ರ ಎಂದು ಅದರ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು. ನಾನು ಸೆರಗು ಸರಿಪಡಿಸಿಕೊಂಡು ರಸ್ತೆಗೆ ಇಳಿದುಬಿಟ್ಟೆ.

ಹಿಂದಿನಿಂದ ಅಂಗಡಿಯವರು ಕೂಗಿದರು: "ಬಾಯಾರ, ನಿಮ್ಮ ಗೋಳಗುಮ್ಮಟ ಇಲ್ಲೇ ಬಿಟ್ಟು ಹೊಂಟೀರಲ್ರಿ."

ರಸ್ತೆಯ ಟಾಂಗಾದವರೆಲ್ಲ ಒಮ್ಮೆ ತಿರುಗಿ, ನಿಜವಾದ ಗುಮ್ಮಟ ಅಲ್ಲಿಯೇ ಇದೆಯೇ ಎಂದು ನೋಡಿಕೊಂಡರು.

ಬಬಲೇಶ್ವರದಲ್ಲಿ ಶುಭ

ಬಣ್ಣದ ತಗಡಿನ ಬಣ್ಣ ಗಟ್ಟಿಯೇ ಎಂದು ತಿಳಿಯಬೇಕಿತ್ತು. ಅಷ್ಟರಲ್ಲಿ ಬಬಲೇಶ್ವರದ ಸಂಬಂಧಿಕರ ಹೊಸ ಮನೆಯ ವಾಸ್ತುಶಾಂತಿ ಬಂತು. ಅವರ ಮಾಳಿಗೆಯ ಕೋಣೆಗೆ ಗೋಡೆಯೆಂದರೆ ನೀಲಿ ಬಣ್ಣದ ತಗಡು. ಜನ ಊಟಕ್ಕೆ ಕುಳಿತಾಗ ನಾನು ಮೇಲೆ ಹತ್ತಿ, ಸೆರಗಿನ ಪಿನ್ನು ತೆಗೆದು, ಮೂಲೆಯಲ್ಲಿ ಸಣ್ಣದೊಂದು ಗೀರು ಎಳೆದೆ. ತಿರುಗಿದರೆ ಹಿರಿಯ ಹೆಂಗಸರಿಬ್ಬರು ನಿಂತಿದ್ದರು.

ಏನು ಮಾಡುತ್ತಿದ್ದೀ ಎಂದು ಕೇಳಿದರು. ಪಿನ್ನನ್ನು ಸೆರಗಿಗೆ ಸಿಕ್ಕಿಸಿಕೊಳ್ಳುತ್ತ ಒಂದು ಸುಳ್ಳು ಕಟ್ಟಿದೆ. ನಮ್ಮ ತವರಿನ ಕಡೆ ಹೊಸ ಮನೆಗೆ ಶುಭವಾಗಲೆಂದು ಹೀಗೆ ಒಂದು ಗೆರೆ ಎಳೆಯುತ್ತೇವೆ ಎಂದೆ.

ಊಟ ಮುಗಿಸಿ, ಮರೆತ ಪರ್ಸು ತರಲು ಮತ್ತೆ ಮೇಲೆ ಹೋದರೆ, ಆ ಗೋಡೆಯ ಮುಂದೆ ಮುತ್ತೈದೆಯರ ಸಾಲು. ಒಬ್ಬೊಬ್ಬರೂ ಪಿನ್ನೋ ಕೀಲಿಕೈಯೋ ಹಿಡಿದು ಉದ್ದಕ್ಕೆ ಗೆರೆ ಎಳೆದು, ಮೇಲೆ ಅರಿಶಿನ ಕುಂಕುಮ ಹಚ್ಚುತ್ತಿದ್ದರು. ಮನೆಯ ಯಜಮಾನರು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು. ನನ್ನನ್ನು ಕಂಡು ಹೇಳಿದರು:

"ಇಷ್ಟು ಶುಭ ಸಾಕ್ರಿ ಅಕ್ಕಾರ."

ಹಣ್ಣಿಗೊಂದು ಪ್ಯಾಕಿಂಗ್

ಕೊನೆಗೆ ಬಣ್ಣದ ತಗಡನ್ನೇ ಆರಿಸಿದೆ. ಲೇಪದ ಮೇಲೆ ಬಣ್ಣವೂ ಇದ್ದರೆ ಗಂಧಕದ ಹೊಗೆಗೆ ತಡೆ ಹೆಚ್ಚು ಎಂಬುದು ನನ್ನ ಲೆಕ್ಕ. ಮಾಡಿಗೂ ಅದೇ, ಗಾಳಿ ಬಡಿಯುವ ಬದಿಯ ಗೋಡೆಗೂ ಅದೇ. ಹೊಸ ತಗಡಿಗೆ ಗೀರು ಬೀಳದಿರಲೆಂದು ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಅಂಟಿಸಿರುತ್ತಾರೆ. ಕೂರಿಸುವವರು ಅದನ್ನು ಸುಲಿಯಲು ಹೊರಟರು. ಮುಟ್ಟಬೇಡಿ ಎಂದೆ. ನಮ್ಮ ಮನೆಯ ಫ್ರಿಜ್ಜು, ಸೋಫಾ, ಟಿವಿಯ ರಿಮೋಟು ಎಲ್ಲವೂ ತಂದ ದಿನದ ಪ್ಲಾಸ್ಟಿಕ್ಕಿನಲ್ಲೇ ಇವೆ, ಆದ್ದರಿಂದಲೇ ಹೊಸದರಂತಿವೆ. ಅದೂ ಅಲ್ಲದೆ ಬಬಲೇಶ್ವರದ ಗೋಡೆಯನ್ನು ಕಣ್ಣಾರೆ ಕಂಡವಳು ನಾನು. ತೆಗೆಯುವುದೇ ಒಳ್ಳೆಯದೇನೋ ಎಂದು ಅಕ್ಕ ಒಮ್ಮೆ ಅಂದರು, ನನ್ನ ಮುಖ ನೋಡಿ ಕೂರಿಸುವವರಿಗೆ ಚಹಾ ತರಲು ಹೋದರು.

ದ್ರಾಕ್ಷಿ ಒಣಗುವ ಹೊತ್ತಿಗೆ ತಿಕೋಟಾದ ಬಿಸಿಲು ಆ ಪ್ಲಾಸ್ಟಿಕ್ಕನ್ನೂ ಒಣಗಿಸಿತ್ತು. ಗಾಳಿ ಎದ್ದಿತು. ಶೆಡ್ಡಿನ ಸುತ್ತ ಪಟಪಟ ಸಪ್ಪಳ, ಬಲೆಯ ಮೇಲೆ ಹರವಿದ ದ್ರಾಕ್ಷಿಯ ತುಂಬ ಈರುಳ್ಳಿ ಸಿಪ್ಪೆಯಂಥ ಪರೆ. ವ್ಯಾಪಾರಿ ಮಾಲು ನೋಡಲು ಬರುವ ದಿನವೇ ಅದು. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಕೂತು ಪರೆ ಆರಿಸತೊಡಗಿದರು. ಆಳುಗಳು ಮಾಡು ಹತ್ತಿದರು. ನಾನು ಇಸ್ತ್ರಿ ಮಾಡಿದ ಸೀರೆಯಲ್ಲೇ ಸ್ಟೂಲಿನ ಮೇಲೆ ನಿಂತು ಗೋಡೆಯನ್ನು ಉಗುರಿನಿಂದ ಕೆರೆಯತೊಡಗಿದೆ.

ವ್ಯಾಪಾರಿ ಬಂದರು. ಒಂದು ದ್ರಾಕ್ಷಿ ಬಾಯಿಗೆ ಹಾಕಿ ಅಗಿದು, ನಾಲಿಗೆಯ ತುದಿಯಿಂದ ಏನನ್ನೋ ತೆಗೆದು ಬಿಸಿಲಿಗೆ ಹಿಡಿದರು.

"ಬೀಜ ಇಲ್ಲದ ದ್ರಾಕ್ಷಿ ಭಾಳ ನೋಡೇನ್ರಿ. ಹಣ್ಣಿಗೊಂದು ಪ್ಯಾಕಿಂಗ್ ಮಾಡಿದ್ದು ಇದ ಮೊದಲ ನೋಡಾಕತ್ತೇನಿ."

ಅಕ್ಕ ಮನೆಗೆ ಬಂದದ್ದು

ಪೂರ್ತಿ ಆರಿಸಿ ಕೊಟ್ಟ ಮೇಲೆ ವ್ಯಾಪಾರಿ ಮಾಲು ಒಯ್ದರು. ಅಕ್ಕನ ದುಡಿಮೆ ಉಳಿಯಿತು, ನನ್ನ ಮುಖ ಉಳಿಯಲಿಲ್ಲ. ಕೆಲವು ದಿನ ಬಿಟ್ಟು ಅಕ್ಕ ಒಣದ್ರಾಕ್ಷಿಯ ಡಬ್ಬಿ ಹಿಡಿದು ವಿಜಯಪುರದ ನಮ್ಮ ಮನೆಗೆ ಬಂದರು. ತಪ್ಪಾಯಿತು ಎಂದು ಹೇಳಲು ನಾನು ಹೊರಗಿನ ಕೋಣೆಯಲ್ಲಿ ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದೆ. ಅವರು ನೀರು ಕುಡಿಯಲು ಅಡುಗೆಮನೆಗೆ ಹೋದರು.

ಒಳಗಿನಿಂದ ಚರ್ರನೆ ಸಪ್ಪಳ ಕೇಳಿ ಓಡಿದೆ. ಫ್ರಿಜ್ಜಿನ ಪ್ಲಾಸ್ಟಿಕ್ಕು ಮೇಲಿನಿಂದ ಕೆಳಗಿನವರೆಗೆ ಸುಲಿದು ಅಕ್ಕನ ಕೈಯಲ್ಲಿತ್ತು. ಅಂದು ಅಂಗಡಿಯಿಂದ ಮರಳಿ ತಂದು ಅಂಟಿಸಿದ್ದ ಗೋಳಗುಮ್ಮಟವೂ ಅದರೊಂದಿಗೆ ಬಂದು, ನೆಲಕ್ಕೆ ಬಿದ್ದು ಎರಡು ಹೋಳಾಗಿತ್ತು.

"ವ್ಯಾಪಾರಿ ಬರೂದ್ರಾಗ ಸುಲದಬಿಡೂದು ಛಲೋ ತಂಗಿ," ಎಂದರು ಅಕ್ಕ, ಸ್ವಲ್ಪವೂ ನಗದೆ. "ಆ ರಿಮೋಟ್ ಎಲ್ಲೈತಿ, ತಾ ಇಲ್ಲೆ."

ತಲೆ ತಗ್ಗಿಸಿ ತಂದುಕೊಟ್ಟೆ. ಸೋಫಾವನ್ನು ಇಬ್ಬರೂ ಕೂಡಿ ಸುಲಿದೆವು.